ಇನ್ನೂರು ಪ್ಯಾಕ್ಸ್ ರೊಮಾನಾ

ಗಲ್ಫಿನ ಇಂಡಿಯನ್ ಸ್ಕೂಲಿಗೆ ಇತಿಹಾಸದ ಟೀಚರಾಗಿ ಬರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಯಾರಾದರೂ "ಯಾವ ಸಬ್ಜೆಕ್ಟ್?" ಎಂದು ಕೇಳಿ ನೀವು "ಹಿಸ್ಟರಿ" ಎಂದರೆ, ಅವರು "ಅದರ ಜೊತೆಗೆ?" ಎಂದು ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ನನ್ನನ್ನು ತರಕಾರಿ ಅಂಗಡಿಯವನೂ ಹಾಗೆ ಕೇಳಿದ್ದಾನೆ. ಗಣಿತದವರಿಗೆ ಟ್ಯೂಷನ್ ಸಿಗುತ್ತದೆ, ಸೈನ್ಸಿನವರಿಗೆ ಲ್ಯಾಬ್ ಸಿಗುತ್ತದೆ, ನಮಗೆ ಸಿಗುವುದು ರಜೆ ಹಾಕಿದವರ ಪೀರಿಯಡ್ಡು. ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡು ಕಡ್ಡಾಯವಾಗಿ ಇತಿಹಾಸದ್ದೇ ಆಗಿರುತ್ತದೆ. ಮಕ್ಕಳು ಅದಕ್ಕೆ ಎಸಿ ಪೀರಿಯಡ್ ಎಂದು ಹೆಸರಿಟ್ಟಿದ್ದರು. ಎಸಿ ಚೆನ್ನಾಗಿದ್ದ ದಿನ ಅರ್ಧ ತರಗತಿ ನಿದ್ದೆ ಮಾಡುತ್ತಿತ್ತು, ಕೆಟ್ಟ ದಿನ ಪೂರ್ತಿ ತರಗತಿ.

ನಾನು ನಿವೃತ್ತಳಾದರೂ ಊರಿಗೆ ಹೋಗಿಲ್ಲ. ಗಂಡನಿಗೆ ಬಂದರಿನಲ್ಲಿ ಇನ್ನೂ ಕೆಲಸವಿದೆ, ನಾನು ಅವರ ವೀಸಾದ ಬಾಲ ಹಿಡಿದು ಸಲಾಲಾದಲ್ಲೇ ಉಳಿದಿದ್ದೇನೆ. ಇದನ್ನು ಬರೆಯುವಾಗ ಹೊರಗೆ ಖರೀಫ್, ಅಂದರೆ ಜೂನ್ ಕೊನೆಗೆ ಶುರುವಾಗುವ ಇಲ್ಲಿನ ಮಳೆ, ಬರುತ್ತಿದೆ. ನಮ್ಮ ಕಾರ್ಕಳದವರು ಇದನ್ನು ಮಳೆ ಎಂದು ಒಪ್ಪುವುದಿಲ್ಲ, ಕೊಡೆ ಬಿಡಿಸುವಷ್ಟೂ ಮರ್ಯಾದೆ ಇದಕ್ಕಿಲ್ಲ. ಆದರೂ ಮಸ್ಕತ್ತಿನ ಜನ ಮರುಭೂಮಿ ದಾಟಿ ಕಾರು ಓಡಿಸಿಕೊಂಡು ಬಂದು, ಈ ತುಂತುರಿನಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ನನ್ನ ಪ್ರಮೋಷನ್ನಿನ ಕತೆ ಬರೆಯುವುದಿಲ್ಲ, ಬರೆಯುವಂಥದ್ದು ಆಗಲೂ ಇಲ್ಲ. ಬರೆಯುವುದು ರೋಮಿನ ಕತೆ. ಆ ಪಾಠ ನಮ್ಮ ಶಾಲೆಯಿಂದ ಗಂಟುಮೂಟೆ ಕಟ್ಟುವುದರಲ್ಲಿತ್ತು, ಅದರ ಹಿಂದೆಯೇ ನಾನೂ. ಅದು ಉಳಿದ ರೀತಿಯನ್ನು ಯಾವ ಬಿ.ಎಡ್. ಕಾಲೇಜಿನಲ್ಲೂ ಕಲಿಸುವುದಿಲ್ಲ.

ಮೊದಮೊದಲು ನಾನು ರೋಮ್ ಕಲಿಸುತ್ತಿದ್ದದ್ದು ಒಂದು ಗೋಡೆ ನಕಾಶೆ ಮತ್ತು ಒಂದು ಕೋಲಿನಿಂದ. ಕೋಲು ನಕಾಶೆಗೆ ಮಾತ್ರ, ಇಲ್ಲಿ ಮಕ್ಕಳನ್ನು ಮುಟ್ಟುವ ಹಾಗಿಲ್ಲ. ರೋಮನ್ನರು ಕಟ್ಟಿದ ರಸ್ತೆಗಳ ಬಗ್ಗೆ ಮೈಮರೆತು ಹೇಳುತ್ತಿದ್ದೆ. ಬ್ರಿಟನ್ನಿನಿಂದ ಸಿರಿಯಾದ ತನಕ ರಸ್ತೆ, ಕಲ್ಲು ಹಾಸಿದ ರಸ್ತೆ, ಎರಡು ಸಾವಿರ ವರ್ಷವಾದರೂ ಕೆಡದ ರಸ್ತೆ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ಮ್ಯಾಮ್, ಹೌ ಮೆನಿ ರಾಡಾರ್ಸ್?" ಇಲ್ಲಿನ ಹೈವೇಯಲ್ಲಿ ಜೋರು ಓಡಿಸಿದರೆ ಫೋಟೋ ಹೊಡೆದು ದಂಡ ಹಾಕುವ ಪೆಟ್ಟಿಗೆಗಳಿವೆಯಲ್ಲ, ಅದರ ವಿಚಾರ. ಗಲ್ಫಿನಲ್ಲಿ ಹುಟ್ಟಿದ ಮಗುವಿಗೆ ರಸ್ತೆ ಎಂದರೆ ಮೊದಲು ನೆನಪಾಗುವುದು ಅಪ್ಪನ ದಂಡ.

ಇನ್ನೊಂದು ವರ್ಷ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿ ಖೋರ್ ರೋರಿಯ ಹಾಳು ಬಂದರಿಗೆ ಕರೆದುಕೊಂಡು ಹೋದೆ. ನಮ್ಮ ಗುಡ್ಡದ ಮರದಿಂದ ಇಳಿದ ಲುಬಾನ್, ಅಂದರೆ ಧೂಪದ ಅಂಟು, ಇಲ್ಲಿಂದಲೇ ಹಡಗು ಹತ್ತಿ ರೋಮಿನ ಗುಡಿಗಳಲ್ಲಿ ಹೊಗೆಯಾಗುತ್ತಿತ್ತು ಎಂದು ಕಲ್ಲಿನ ಮೇಲೆ ನಿಂತು ಹೇಳಿದೆ. ಮಕ್ಕಳು ಗಂಭೀರವಾಗಿ ಸುತ್ತ ನೋಡಿದರು. ಆಮೇಲೆ ಅವರ ಲೀಡರ್ ಬಂದು, ಇಲ್ಲಿ ಕೆಫೆಟೇರಿಯಾ ಎಲ್ಲಿದೆ ಎಂದು ಕೇಳಿದಳು.

ರೋಮಿನ ಗುಲಾಮನ ಒಂದು ದಿನದ ಬಗ್ಗೆ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೊಟ್ಟಿದ್ದೆ. ಒಬ್ಬ ಬರೆದಿದ್ದ: "ಗುಲಾಮನು ಬೆಳಿಗ್ಗೆ ಎದ್ದು ಹಲ್ಲುಜ್ಜಿ ಕಂಪನಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದನು. ಯಜಮಾನನನ್ನು ಬದಲಿಸಬೇಕೆಂದರೆ ಅವನಿಗೆ ಕಫೀಲನ ಎನ್‌ಒಸಿ ಬೇಕಾಗಿತ್ತು." ಕಫೀಲ್ ಎಂದರೆ ಇಲ್ಲಿ ನಮ್ಮ ವೀಸಾದ ಧಣಿ. ಆ ಹುಡುಗನ ಅಪ್ಪ ಮಸ್ಕತ್ತಿನ ಹತ್ತಿರ ರುಸೈಲಿನ ಫ್ಯಾಕ್ಟರಿಯೊಂದರಲ್ಲಿ ಬಹಳ ಕಾಲ ದುಡಿದು ಸಲಾಲಾಕ್ಕೆ ಬಂದವರು, ಮನೆಯ ಮಾತು ಉತ್ತರಪತ್ರಿಕೆಗೆ ಇಳಿದಿತ್ತು. ಪೇಪರ್ ಪ್ರಿನ್ಸಿಪಾಲರ ಕೈಗೆ ಸಿಕ್ಕಿತು. ಕರೆ ಬಂತು.

"ಏನಮ್ಮಾ, ಇದಕ್ಕೂ ಮಾರ್ಕ್ಸ್ ಕೊಟ್ಟಿದ್ದೀರಲ್ಲ?"

"ಅರ್ಧ ಕೊಟ್ಟಿದ್ದೇನೆ ಸರ್."

"ಯಾವ ಅರ್ಧಕ್ಕೆ?"

"ಹಲ್ಲುಜ್ಜಿದ್ದಕ್ಕೆ."

ಈ ಪ್ರಿನ್ಸಿಪಾಲರ ಬಗ್ಗೆ ಸ್ವಲ್ಪ ಹೇಳಬೇಕು. ಮೈಸೂರಿನವರು, ಮಾತು ಮೈಸೂರು ಪಾಕ್, ಕೈ ಮಾತ್ರ ಬಿಗಿ. ಪ್ರತಿ ಸ್ಟಾಫ್ ಮೀಟಿಂಗಿನಲ್ಲೂ, "ನೋಡೀಮ್ಮಾ, ನಾನೇನು ನಿಮ್ಮ ಬಾಸ್ ಅಲ್ಲ. ನಿಮ್ಮೆಲ್ಲರ ಮಧ್ಯೆ ಮೊದಲನೆಯವನು, ಅಷ್ಟೇ" ಎನ್ನುತ್ತಿದ್ದರು. ಆದರೆ ಶಾಲೆಯ ಅಷ್ಟೂ ಎಸಿಗಳ ರಿಮೋಟು ಅವರ ಮೇಜಿನ ಡ್ರಾಯರಿನಲ್ಲಿತ್ತು. ಸೆಖೆಯಾದರೆ ಒಬ್ಬರು ಹೋಗಿ ಬಾಗಿಲು ತಟ್ಟಿ ವಿನಂತಿಸಬೇಕು. ಅವರು ಯೋಚಿಸಿ, ದಾಕ್ಷಿಣ್ಯದಿಂದ ಎಂಬಂತೆ ಎರಡು ಡಿಗ್ರಿ ಇಳಿಸುತ್ತಿದ್ದರು.

ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ಸನ ಪಾಠ ಮಾಡುವಾಗ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಅವನು ತನ್ನನ್ನು ರಾಜ ಎಂದು ಕರೆದುಕೊಳ್ಳಲಿಲ್ಲ, ಪೌರರಲ್ಲಿ ಮೊದಲನೆಯವನು ಎಂದು ಮಾತ್ರ ಹೇಳಿಕೊಂಡ, ಸೈನ್ಯ ಖಜಾನೆ ಎಲ್ಲ ಅವನ ಕೈಯಲ್ಲೇ ಇತ್ತು ಎಂದು ವಿವರಿಸಿದೆ. ತರಗತಿ ಒಂದೇ ಸ್ವರದಲ್ಲಿ "ಪ್ರಿನ್ಸಿ ಸರ್!" ಎಂದು ಕೂಗಿತು. ಅಂದು ಆಗಸ್ಟಸ್ ಆ ಮಕ್ಕಳಿಗೆ ಅರ್ಥವಾದಷ್ಟು ಯಾವ ಪಂಡಿತನಿಗೂ ಅರ್ಥವಾಗಿರಲಾರ.

ಕಾಲ ಕಳೆದಂತೆ ಕೋಲು ಹೋಗಿ ಸ್ಮಾರ್ಟ್ ಬೋರ್ಡ್ ಬಂತು. ಬೆರಳಿನಿಂದ ಮುಟ್ಟಿದರೆ ರೋಮ್ ದೊಡ್ಡದಾಗುತ್ತಿತ್ತು, ಇನ್ನೊಮ್ಮೆ ಮುಟ್ಟಿದರೆ ಮಾಯವಾಗುತ್ತಿತ್ತು. ಈಚಿನ ವರ್ಷಗಳಲ್ಲಿ ಪ್ರಾಜೆಕ್ಟುಗಳನ್ನು ಮಕ್ಕಳು ಫೋನಿಗೇ ಹೇಳಿ ಬರೆಸಿಕೊಂಡು ಬರುತ್ತಾರೆ. ಅಷ್ಟು ಚೆಂದದ ಇಂಗ್ಲಿಷ್ ನನಗೆ ಈ ಜನ್ಮದಲ್ಲಿ ಬಾರದು. "ರೋಮಿನ ನೀರಿನ ಕಾಲುವೆ ಬಗ್ಗೆ ಎರಡು ಮಾತು ಹೇಳು ಮಗಾ" ಎಂದರೆ ಬರೆದವನು, "ಮ್ಯಾಮ್, ಇಟ್ಸ್ ಆನ್ ಪೇಜ್ ಫೋರ್" ಎಂದು ಸಮಾಧಾನ ಹೇಳುತ್ತಾನೆ. ಹೊಸಬರು ಇದಕ್ಕೆ ಸಿಟ್ಟಾಗಬೇಡಿ. ನಾಲ್ಕನೇ ಪುಟದಲ್ಲಿದೆ ಎಂದಾದರೂ ಅವನಿಗೆ ಗೊತ್ತಿದೆಯಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತು ಮುಗಿಸಿದ ಮಕ್ಕಳು ಹನ್ನೊಂದಕ್ಕೆ ಸೈನ್ಸ್, ಕಾಮರ್ಸ್, ಹ್ಯುಮ್ಯಾನಿಟೀಸ್ ಈ ಮೂರರಲ್ಲಿ ಒಂದನ್ನು ಹಿಡಿಯಬೇಕು. ನಮ್ಮ ಶಾಲೆಯ ಕಾಮರ್ಸಿನಲ್ಲಿ ಕೂರಲು ಬೆಂಚಿರಲಿಲ್ಲ, ಹ್ಯುಮ್ಯಾನಿಟೀಸಿನ ಬೆಂಚಿಗೆ ಕೂರುವವರಿರಲಿಲ್ಲ. ಒಂದು ಚಳಿಗಾಲ ಪ್ರಿನ್ಸಿಪಾಲರು ನನ್ನನ್ನು ಕರೆಸಿ, ಮುಂದಿನ ಏಪ್ರಿಲಿನಿಂದ ಹ್ಯುಮ್ಯಾನಿಟೀಸ್ ಸೆಕ್ಷನ್ ಮುಚ್ಚುವ ಯೋಚನೆಯಿದೆ ಎಂದರು. ಹಾಗಾದರೆ ಹಿಸ್ಟರಿ ಟೀಚರು ಎಂದು ಕೇಳಿದೆ. ಅವರು ಕಿಟಕಿಯ ಹೊರಗಿನ ತೆಂಗಿನ ಮರವನ್ನು ನೋಡಿದರು. ಗಲ್ಫಿನಲ್ಲಿ ಮೇಲಿನವರು ತೆಂಗಿನ ಮರ ನೋಡಿದರು ಎಂದರೆ ನೀವು ಟಿಕೆಟ್ ನೋಡಬೇಕು ಎಂದರ್ಥ.

ತುಂಬ ಗೋಗರೆದ ಮೇಲೆ ಒಂದು ದಾರಿ ಬಿಟ್ಟರು. "ಓಪನ್ ಡೇ ದಿನ ಮಸ್ಕತ್‌ನಿಂದ ಕಮಿಟಿ ಅಧ್ಯಕ್ಷರು ಬರ್ತಾರೆ. ನಿಮ್ಮದೊಂದು ಪ್ರದರ್ಶನ ಇಡಿ. ಹಾಲ್ ತುಂಬಿದರೆ ನೋಡೋಣ. ಇಲ್ಲದೇ ಹೋದರೆ ಖಲಾಸ್."

ನನ್ನ ಕೆಲಸ ಹೋಗುವ ಸಂಕಟ ಒಂದು ಕಡೆಯಾದರೆ ಶಿಫಾಳದ್ದು ಇನ್ನೊಂದು ಕಡೆ. ಹತ್ತರಲ್ಲಿದ್ದ ಈ ಹುಡುಗಿಗೆ ಇತಿಹಾಸ ಎಂದರೆ ಹಸಿವು. ಊಟದ ಮೇಲಿನ ಪೀರಿಯಡ್ಡಿನಲ್ಲೂ ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದ ಏಕೈಕ ಜೀವ ಅವಳು. ಸೆಕ್ಷನ್ ಮುಚ್ಚಿದರೆ ಕಾಮರ್ಸಿಗೆ ಹೋಗಬೇಕು, ಅವಳ ಅಪ್ಪನಿಗೂ ಬೇಕಾದದ್ದು ಅದೇ. ಅಪ್ಪ ಹಮೀದ್ ಭಾಯಿ ಉಪ್ಪಿನಂಗಡಿ ಕಡೆಯ ಬ್ಯಾರಿ, ಎಳನೀರಿನ ಗೂಡಂಗಡಿಗಳ ಸಾಲಿನ ಹಿಂದೆ ಅವರದೊಂದು ಹೋಟೆಲು. ನಮ್ಮ ಶಾಲೆಯ ಕಾರ್ಯಕ್ರಮಗಳಿಗೆ ಊಟವೂ ಅಲ್ಲಿಂದಲೇ. ಒಂದು ಸಂಜೆ ಚಾ ಕುಡಿಯುವ ನೆಪದಲ್ಲಿ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಟೀಚರೇ, ಇವಳು ಮನೆಯಲ್ಲಿ ಹಿಸ್ಟರಿ ಹಿಸ್ಟರಿ ಅಂತ ತಲೆ ತಿಂತಾಳೆ. ಸತ್ತವರ ಸುದ್ದಿ ಕಲ್ತು ಬದುಕಿದವರಿಗೆ ಎಂಥ ಪ್ರಯೋಜನ ಉಂಟು, ನೀವೇ ಹೇಳಿ."

"ಕೆಲಸ ಸಿಗ್ತದೆ ಹಮೀದ್ ಭಾಯಿ. ಏನಿಲ್ಲದಿದ್ರೂ ನನ್ನ ಹಾಗೆ ಟೀಚರ್ ಆಗ್ಬಹುದು."

ಅವರು ಚಾ ಸೋಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅದೇ ನನಗೆ ಹೆದರಿಕೆ," ಅಂದರು.

ಚಾ ಮಾತ್ರ ಚೆನ್ನಾಗಿತ್ತು.

ಪ್ರದರ್ಶನಕ್ಕೆ ನಾನು ಇಟ್ಟ ಹೆಸರು ಪ್ಯಾಕ್ಸ್ ರೊಮಾನಾ. ಲ್ಯಾಟಿನ್ ಭಾಷೆಯಲ್ಲಿ ಪ್ಯಾಕ್ಸ್ ಎಂದರೆ ಶಾಂತಿ, ಪ್ಯಾಕ್ಸ್ ರೊಮಾನಾ ಎಂದರೆ ರೋಮಿನ ಶಾಂತಿ. ಆಗಸ್ಟಸ್ಸನಿಂದ ಮೊದಲುಗೊಂಡು ಸುಮಾರು ಇನ್ನೂರು ವರ್ಷ ಸಾಮ್ರಾಜ್ಯದೊಳಗೆ ದೊಡ್ಡ ಯುದ್ಧವಿಲ್ಲದೆ ವ್ಯಾಪಾರ, ರಸ್ತೆ, ಸ್ನಾನದ ಮನೆ ಎಲ್ಲ ನಡೆಯಿತು ಎಂದು ಪುಸ್ತಕ ಹೇಳುತ್ತದೆ. ಮಕ್ಕಳು ಥರ್ಮಾಕೋಲಿನಲ್ಲಿ ಸ್ನಾನದ ಮನೆ ಕಟ್ಟಿದರು. ಒಂದು ಮೇಜಿನ ಮೇಲೆ ರೋಮಿನ ಊಟ ಎಂದು ಖುಬೂಸ್ ರೊಟ್ಟಿ, ಆಲಿವ್, ಚೀಸ್ ಇಡುವುದೆಂದಾಯಿತು. ಜೊತೆಗೆ ಒಂದು ಸಣ್ಣ ನಾಟಕ: ಆಗಸ್ಟಸ್ ಬಡ ಪೌರರಿಗೆ ಧಾನ್ಯ ಹಂಚುವ ದೃಶ್ಯ. ಆಗಸ್ಟಸ್ ಯಾರು ಎಂದು ಕೇಳುವ ಮೊದಲೇ ಶಿಫಾ ಎದ್ದು ನಿಂತಿದ್ದಳು. ರೋಮನ್ನರ ಉಡುಪಿಗೆ ಎಲ್ಲರ ಮನೆಯ ಬಿಳಿ ಬೆಡ್‌ಶೀಟು ಬಂತು. ಒಂದರ ಮೇಲೆ ತೆಳುವಾಗಿ ಮಿಕ್ಕಿ ಮೌಸ್ ಇತ್ತು, ಅದನ್ನು ಸೈನಿಕನೊಬ್ಬನಿಗೆ ಒಳಮುಖ ಮಾಡಿ ಸುತ್ತಿದೆವು.

ಈಗ ಜಯಕರಣ್ಣ ಬರುತ್ತಾರೆ. ನಮ್ಮ ಶಾಲೆಯ ಆಫೀಸು ನೋಡಿಕೊಳ್ಳುತ್ತಿದ್ದವರು, ಮೂಲ್ಕಿಯವರು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶಾಲೆಗೆ ಬರುವ ಮೊದಲು ಅವರು ಮಸ್ಕತ್ತಿನಲ್ಲಿ ಬಹಳ ಕಾಲ ಟ್ರಾವೆಲ್ಸ್ ಆಫೀಸಿನಲ್ಲಿದ್ದರು. ಗಲ್ಫಿನ ಟ್ರಾವೆಲ್ಸಿನವರು, ಹೋಟೆಲಿನವರು, ಬಸ್ಸಿನವರು ಎಲ್ಲರೂ ತಲೆ ಲೆಕ್ಕಕ್ಕೆ ಒಂದು ಪದ ಬಳಸುತ್ತಾರೆ. ನಲವತ್ತು ಜನ ಎನ್ನುವುದಿಲ್ಲ, ನಲವತ್ತು ಪ್ಯಾಕ್ಸ್ ಎನ್ನುತ್ತಾರೆ. ಇದು ನನಗೆ ಆಮೇಲೆ ತಿಳಿದದ್ದು, ನಿಮಗೆ ಈಗಲೇ ಹೇಳಿದ್ದೇನೆ.

ನಾನು ಜಯಕರಣ್ಣನಿಗೆ ವಾಟ್ಸಾಪ್‌ನಲ್ಲಿ ಇಂಗ್ಲಿಷಿನಲ್ಲಿ ಹೀಗೆ ಕಳಿಸಿದೆ: "ಓಪನ್ ಡೇ, ಗುರುವಾರ, ಮೇಲಿನ ಹಾಲ್ ಬೇಕು. ಪ್ಯಾಕ್ಸ್ ರೊಮಾನಾ, 200 ಇಯರ್ಸ್." ಮರುದಿನ ರಿಹರ್ಸಲಿನ ಗಲಾಟೆಯ ನಡುವೆ ಅವರ ಫೋನ್ ಬಂತು.

"ಟೀಚರೇ, ನಿಮ್ಮ ರೊಮಾನಾದ್ದು ವೆಜ್ಜಾ ನಾನ್‌ವೆಜ್ಜಾ?"

ಊಟದ ಮೇಜಿನ ವಿಷಯ ಕೇಳುತ್ತಿದ್ದಾರೆ, ಪಾಪ ಎಷ್ಟು ಆಸಕ್ತಿ ಎಂದುಕೊಂಡೆ. "ಎರಡೂ ಉಂಟು ಜಯಕರಣ್ಣ. ಹಣವಂತರು ಮಾಂಸ ತಿನ್ನುವುದು, ಬಡವರು ಹೆಚ್ಚಾಗಿ ವೆಜ್ಜೇ."

"ಹಾಗಾದ್ರೆ ಅರ್ಧ ಅರ್ಧ ಮಾಡುವ."

"ಮಾಡಿ."

"ಈ ರೊಮಾನಾ ಎಲ್ಲಿಂದ ಬಂದದ್ದು?"

"ರೋಮ್‌ನಿಂದಲ್ವಾ ಮಾರಾಯ್ರೇ, ಮತ್ತೆಲ್ಲಿಂದ!"

"ಪ್ರಿನ್ಸಿಪಾಲರಿಗೆ ಗೊತ್ತುಂಟು ತಾನೇ?"

"ಅವರೇ ಅಲ್ವಾ ಮಾಡಿ ಅಂತ ಹೇಳಿದ್ದು."

"ಹಾಗಾದ್ರೆ ನೀವು ಮಂಡೆ ಬೆಚ್ಚ ಮಾಡ್ಬೇಡಿ. ನಾನು ನೋಡ್ಕೊಳ್ತೇನೆ."

ಫೋನ್ ಇಟ್ಟು, ಶಾಲೆಯಲ್ಲಿ ಜವಾಬ್ದಾರಿ ಇರುವ ಮನುಷ್ಯ ಎಂದರೆ ಇವರೊಬ್ಬರೇ ಎಂದು ಮಕ್ಕಳೆದುರು ಹೊಗಳಿದೆ.

ಓಪನ್ ಡೇ ಬಂತು. ನಾನು ಗೇಟಿನೊಳಗೆ ಬರುವಾಗ ಜಯಕರಣ್ಣ ಕೋಟು ಟೈ ಹಾಕಿ, ಏರ್‌ಪೋರ್ಟಿನಲ್ಲಿ ನಿಲ್ಲುವವರ ಹಾಗೆ ಎದೆಯ ಮುಂದೆ ಒಂದು ಬೋರ್ಡ್ ಹಿಡಿದು ಬಿಸಿಲಿನಲ್ಲಿ ನಿಂತಿದ್ದರು. ಬೋರ್ಡಿನಲ್ಲಿ "ವೆಲ್‌ಕಮ್ ರೊಮಾನಾ" ಎಂದಿತ್ತು. ನನ್ನ ಪ್ರದರ್ಶನಕ್ಕೆ ಜನ ಕರೆಯಲು ಇಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಹಾಲಿಗೆ ಹೋದರೆ ಕುರ್ಚಿಗಳು ಭಣಭಣ. ಬಂದ ತಂದೆತಾಯಂದಿರೆಲ್ಲ ಕೆಳಗೆ ಸೈನ್ಸ್ ಲ್ಯಾಬಿನಲ್ಲಿ ರೋಬೋಟ್ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕಮಿಟಿ ಅಧ್ಯಕ್ಷರು ಕೂತಿದ್ದರು. ಹೈದರಾಬಾದಿನವರು, ದೊಡ್ಡ ಶರೀರ, ಆಗಲೇ ಗಡಿಯಾರ ನೋಡತೊಡಗಿದ್ದರು. ಪಕ್ಕದಲ್ಲಿ ಪ್ರಿನ್ಸಿಪಾಲರು ಖಾಲಿ ಕುರ್ಚಿಗಳ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಹುಬ್ಬು ಏರಿಸಿದರು. ಸೆಕ್ಷನ್ ಹೋಯಿತು ಎಂದು ಅಲ್ಲೇ ತೀರ್ಮಾನ ಮಾಡಿಕೊಂಡೆ. ಆದರೂ ಮಕ್ಕಳು ಬೆಡ್‌ಶೀಟ್ ಸುತ್ತಿ ಕಾಯುತ್ತಿದ್ದರು, ಪರದೆ ಎಳೆಯಲೇಬೇಕಾಯಿತು.

ಶಿಫಾ ವೇದಿಕೆಗೆ ಬಂದಳು. ಸ್ಕಾರ್ಫಿನ ಮೇಲೆ ಎಲೆಗಳ ಕಿರೀಟ. ಚಕ್ರವರ್ತಿಯ ಕಿರೀಟಕ್ಕೆ ಬೇಕಾದ ಎಲೆ ಸಲಾಲಾದಲ್ಲಿ ಎಲ್ಲಿ ಸಿಗಬೇಕು? ಅವಳು ಅಪ್ಪನ ಅಡುಗೆಮನೆಯಿಂದ ಪಲಾವ್ ಎಲೆ ತಂದು ದಾರದಲ್ಲಿ ಪೋಣಿಸಿಕೊಂಡಿದ್ದಳು. ಆಗಸ್ಟಸ್ ನಡೆದಲ್ಲೆಲ್ಲ ಗರಂ ಮಸಾಲೆಯ ವಾಸನೆ. ನಾನು ಅದು ಕಿರೀಟದ್ದೇ ಎಂದುಕೊಂಡಿದ್ದೆ, ಆದರೆ ವಾಸನೆ ಹೆಚ್ಚುತ್ತಲೇ ಹೋಯಿತು. ಅಷ್ಟರಲ್ಲಿ ಜಯಕರಣ್ಣ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು, ಬೆವರುತ್ತ ವೇದಿಕೆಯ ಪಕ್ಕಕ್ಕೆ ಬಂದರು.

"ಟೀಚರೇ, ಊಟ ಬಂತು. ನಿಮ್ಮ ಜನ ಎಲ್ಲಿ?"

"ಯಾವ ಜನ?"

"ರೊಮಾನಾ! ಇನ್ನೂರು ಪ್ಯಾಕ್ಸ್!"

"ಅಯ್ಯೋ ದೇವರೇ, ಅದು ಇನ್ನೂರು ವರ್ಷ ಜಯಕರಣ್ಣ. ಇಯರ್ಸ್ ಅಂತ ಬರೆದಿದ್ದೆ ಅಲ್ವಾ?"

"ಅದು ಯುವರ್ಸ್ ಅಂತ ಬರೆಯುವಾಗ ತಪ್ಪಿದ್ದು ಅಂತ ಗ್ರಹಿಸಿದೆ," ಎಂದರು ಅಳುವ ಸ್ವರದಲ್ಲಿ. "ಇನ್ನೂರು ಜನ, ನಿಮ್ಮವರು."

ಪ್ರಿನ್ಸಿಪಾಲರು ಮೂಗಿನ ದಾರಿ ಹಿಡಿದು ಎದ್ದು ಬಂದರು. ಪಕ್ಕದ ಬಾಗಿಲಲ್ಲಿ ಹಮೀದ್ ಭಾಯಿ ಊಟದ ಡಬ್ಬಗಳ ಮೊದಲ ಪೆಟ್ಟಿಗೆ ಹೊತ್ತು ನಿಂತಿದ್ದರು, ಹಿಂದೆ ಮೆಟ್ಟಿಲಿನುದ್ದಕ್ಕೂ ಪೆಟ್ಟಿಗೆಗಳು. ವಿಷಯ ತಿಳಿಯಲು ಪ್ರಿನ್ಸಿಪಾಲರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೈಸೂರು ಪಾಕ್ ಕರಗಿಹೋಯಿತು.

"ಇನ್ನೂರು ಊಟ, ಹತ್ತು ಜನ! ಈಗಲೇ ಹೋಗಿ ಅಧ್ಯಕ್ಷರಿಗೆ ಹೇಳ್ತೀನಮ್ಮಾ. ಏಪ್ರಿಲ್ ತನಕವೂ ಬೇಡ, ನಿಮ್ಮ ಸೆಕ್ಷನ್ ಇವತ್ತಿಗೇ ಖಲಾಸ್."

ಹಮೀದ್ ಭಾಯಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವರು ಬಾಯಿ ತೆರೆದು ವೇದಿಕೆಯನ್ನೇ ನೋಡುತ್ತಿದ್ದರು. "ನನ್ನ ಪಲಾವ್ ಎಲೆ!" ಅಂದರು. "ನಿನ್ನೆಯಿಂದ ಹುಡುಕ್ತಾ ಇದ್ದೇನೆ!"

ವೇದಿಕೆಯಲ್ಲಿ ಆಗ ಧಾನ್ಯ ಹಂಚುವ ದೃಶ್ಯ. ಸೈನಿಕರು ಗೋಣಿಚೀಲ ತರಬೇಕಿತ್ತು, ಅವರಿಬ್ಬರೂ ಬಿರಿಯಾನಿಯ ವಾಸನೆಗೆ ಬಾಗಿಲ ಕಡೆ ತಿರುಗಿ ನಿಂತು ಚೀಲ ಮರೆತಿದ್ದರು. ಶಿಫಾ ಬಾಗಿಲಿನತ್ತ ನೋಡಿದಳು. ಪೆಟ್ಟಿಗೆ ಹೊತ್ತ ಅಪ್ಪ ಕಂಡರು. ಟೀಚರ್ ಯಾರಿಗೂ ಹೇಳದೆ ನಿಜವಾದ ಊಟವನ್ನೇ ತರಿಸಿದ್ದಾರೆ ಎಂದು ಅವಳು ತಿಳಿದುಕೊಂಡಳು. ಆಗಸ್ಟಸ್ ಕೈ ಚಾಚಿ, ಹಾಲ್ ನಡುಗುವ ಹಾಗೆ ಇಂಗ್ಲಿಷಿನಲ್ಲಿ ಕೂಗಿದ.

"ರೋಮಿನ ಪೌರರೇ! ನನ್ನ ಆಳ್ವಿಕೆಯಲ್ಲಿ ಯಾರೂ ಹಸಿದು ಮನೆಗೆ ಹೋಗಬಾರದು. ಬಾಗಿಲು ತೆರೆಯಿರಿ! ಎಲ್ಲರಿಗೂ ಊಟ!"

ಅಧ್ಯಕ್ಷರು ಗಡಿಯಾರ ಬಿಟ್ಟು ತಲೆಯೆತ್ತಿದರು. "ನಿಜವಾದ ಬಿರಿಯಾನಿಯಾ?" ಎಂದು ಹಿಂದಿಯಲ್ಲಿ ಕೇಳಿದರು.

ಯಾವ ದೇವರು ಬಂದು ನನ್ನ ನಾಲಗೆಯ ಮೇಲೆ ಕೂತನೋ ಗೊತ್ತಿಲ್ಲ. ಪ್ರಿನ್ಸಿಪಾಲರು ಅಧ್ಯಕ್ಷರ ಕಡೆ ಹೆಜ್ಜೆ ಇಡುವ ಮೊದಲೇ ನಾನು ಮೈಕ್ ಹಿಡಿದಿದ್ದೆ. ರೋಮಿನ ದೊರೆಗಳು ಜನರಿಗೆ ಅನ್ನ ಕೊಟ್ಟು ಶಾಂತಿ ಕಾಪಾಡುತ್ತಿದ್ದರು, ಅದನ್ನು ಎಲ್ಲರೂ ಉಂಡೇ ತಿಳಿಯಲಿ ಎಂಬುದು ನಮ್ಮ ಪ್ರಿನ್ಸಿಪಾಲರ ಕಲ್ಪನೆ ಎಂದು ಘೋಷಿಸಿದೆ. ಅಧ್ಯಕ್ಷರು ಎದ್ದು ನಿಂತು ಪ್ರಿನ್ಸಿಪಾಲರ ಎರಡೂ ಕೈ ಹಿಡಿದು ಕುಲುಕಿದರು. ಬೈಯಲು ತೆರೆದಿದ್ದ ಪ್ರಿನ್ಸಿಪಾಲರ ಬಾಯಿ ನಿಧಾನಕ್ಕೆ ನಗುವಾಗಿ ತಿರುಗಿತು.

"ಅಯ್ಯೋ, ನನ್ನದೇನಿದೆ ಸಾರ್," ಎಂದರು ತಲೆ ಬಾಗಿಸಿ. "ನಾನು ಎಲ್ಲರ ಮಧ್ಯೆ ಮೊದಲನೆಯವನು, ಅಷ್ಟೇ."

ಸುದ್ದಿ ಕೆಳಗಿಳಿಯಲು ಸ್ವಲ್ಪವೇ ಹೊತ್ತು ಸಾಕಾಯಿತು. ರೋಬೋಟ್ ಒಂಟಿಯಾಯಿತು. ಅಪ್ಪಂದಿರು, ಅಮ್ಮಂದಿರು, ಬಸ್ ಡ್ರೈವರುಗಳು, ಕಾಮರ್ಸಿನ ಟೀಚರುಗಳು ಎಲ್ಲರೂ ಮೆಟ್ಟಿಲು ಹತ್ತಿದರು. ಕೈಯಲ್ಲಿ ಡಬ್ಬ ಹಿಡಿದವರಿಗೆ ನಿಂತು ತಿನ್ನುವಾಗ ಎದುರಿಗೆ ಏನಾದರೂ ನೋಡಲು ಬೇಕು, ಹಾಗಾಗಿ ರೋಮಿನ ಸ್ನಾನದ ಮನೆ ನೋಡಿದರು, ರಸ್ತೆ ನೋಡಿದರು, ಧೂಪದ ಹಡಗು ನೋಡಿದರು. ನನ್ನ ವೃತ್ತಿಯಲ್ಲಿ ಅಷ್ಟು ಏಕಾಗ್ರತೆಯ ತರಗತಿ ನನಗೆ ಸಿಕ್ಕಿಲ್ಲ. ಅಧ್ಯಕ್ಷರು ಎರಡನೇ ಡಬ್ಬ ಮುಗಿಸಿ, ಮಂಗಳೂರು ಕಡೆಯ ಬಿರಿಯಾನಿಯನ್ನೂ ಬಿರಿಯಾನಿ ಎಂದು ಕರೆಯಬಹುದು ಎಂದರು. ಹೈದರಾಬಾದಿನವರ ಬಾಯಲ್ಲಿ ಇದು ಬಂದದ್ದು ದೊಡ್ಡ ಮಾತು. ಆಮೇಲೆ ಪ್ರಿನ್ಸಿಪಾಲರ ಹೆಗಲ ಮೇಲೆ ಕೈ ಹಾಕಿ ಎಲ್ಲರೆದುರು ಕೇಳಿದರು: "ಈ ಹಿಸ್ಟರಿ ತರಗತಿ ಮುಂದಿನ ವರ್ಷವೂ ಇದೆ ತಾನೇ?"

ತುಂಬಿದ ಹಾಲ್ ತಿನ್ನುವುದನ್ನು ನಿಲ್ಲಿಸಿ ನೋಡಿತು.

"ಇರದೇ ಏನ್ ಸಾರ್," ಎಂದರು ಪ್ರಿನ್ಸಿಪಾಲರು. "ಖಂಡಿತ ಇರುತ್ತೆ."

ನನಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು. ಅಳಲಿಲ್ಲ, ಕೈಯಲ್ಲಿ ವೆಜ್ ಪಲಾವ್ ಇತ್ತು.

ಎಲ್ಲ ಮುಗಿದು ಡಬ್ಬಗಳು ಖಾಲಿಯಾದ ಮೇಲೆ ಕಸಗುಡಿಸುವವರು ಬಂದರು. ಬಾಂಗ್ಲಾದೇಶದವರು, ಬೆಳಗಿನಿಂದ ಕುರ್ಚಿ ಹಾಕಿ, ಶಾಮಿಯಾನ ಕಟ್ಟಿ ದಣಿದಿದ್ದರು. ಸಾಲಿನಲ್ಲಿ ನಿಲ್ಲಲು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಪೊರಕೆ ತೆಗೆದುಕೊಂಡು ಬಿದ್ದ ಡಬ್ಬ ಒಟ್ಟು ಮಾಡತೊಡಗಿದರು. ಶಿಫಾ ಕಿರೀಟ ತೆಗೆಯದೆ ಅಪ್ಪನ ಬಳಿ ಹೋದಳು.

"ಉಪ್ಪಾ, ಇವರಿಗೆ ಸಿಗ್ಲಿಲ್ಲ."

"ಖಾಲಿ ಆಯ್ತಲ್ಲ ಮಗಳೇ. ಇನ್ನೂರೂ ಖಾಲಿ."

"ಹಾಗಾದ್ರೆ ಹೋಟೆಲಿಂದ ತನ್ನಿ. ನಾನು ಎಲ್ಲರಿಗೂ ಅಂತ ಹೇಳಿಯಾಗಿದೆ."

ಹಮೀದ್ ಭಾಯಿ ಅವಳನ್ನು, ಅವಳ ತಲೆಯ ಮೇಲಿನ ತಮ್ಮ ಎಲೆಗಳನ್ನು ನೋಡಿದರು. ಆಮೇಲೆ ಗೊಣಗುತ್ತ ಪಿಕಪ್ಪಿನ ಕೀಲಿ ತೆಗೆದರು. ಮೆಟ್ಟಿಲಿಳಿಯುವಾಗ ನನ್ನ ಹತ್ತಿರ ನಿಂತು, "ನೋಡಿ ಟೀಚರೇ, ನನಗೇ ಆರ್ಡರ್ ಮಾಡ್ತಾಳೆ. ನನ್ನ ಉಮ್ಮ ತೀರಿದ ಮೇಲೆ ಯಾರಿಗೂ ಆ ಧೈರ್ಯ ಬಂದಿರ್ಲಿಲ್ಲ," ಅಂದರು. ಸ್ವರದಲ್ಲಿ ಸಿಟ್ಟಿರಲಿಲ್ಲ. ಊಟ ತಂದುಕೊಟ್ಟು ಹೋಗುವಾಗ, "ಹಿಸ್ಟರಿಯೇ ಕಲೀಲಿ. ಕಾಮರ್ಸಿಗೆ ಹಾಕಿದ್ರೆ ಇವಳು ನನ್ನ ಹೋಟೆಲನ್ನೇ ಧರ್ಮಕ್ಕೆ ಹಂಚಿಯಾಳು," ಎಂದರು.

ಪ್ರಿನ್ಸಿಪಾಲರು ಮರುವಾರ ನನ್ನನ್ನೂ ಜಯಕರಣ್ಣನನ್ನೂ ನಿಲ್ಲಿಸಿ ಸಾವಕಾಶವಾಗಿ ಬೈದರು. ಅಧ್ಯಕ್ಷರ ಮೆಚ್ಚುಗೆ ಸಿಕ್ಕಿದ್ದರಿಂದ ಬೈಗುಳದಲ್ಲಿ ಕಾವಿರಲಿಲ್ಲ. ಊಟದ ಖರ್ಚನ್ನು ಅತಿಥಿ ಸತ್ಕಾರಕ್ಕೆ ಸೇರಿಸಿದರು. "ಇನ್ನು ಮೇಲೆ ಲ್ಯಾಟಿನ್ ಬೇಡಮ್ಮಾ. ಶಾಂತಿ ಅನ್ನೋದಿದ್ದರೆ ಕನ್ನಡದಲ್ಲೇ ಶಾಂತಿ ಅಂತ ಬರೀರಿ." ಹೊರಗೆ ಬಂದ ಮೇಲೆ ಜಯಕರಣ್ಣ ಪಿಸುಗುಟ್ಟಿದರು: "ಶಾಂತಿ ಅಂತ ಬರೆದಿದ್ರೆ ನಾನು ಕೆಜಿ ಸೆಕ್ಷನಿನ ಶಾಂತಿ ಟೀಚರಿಗೆ ಸೀರೆ ತರಿಸಿ ಸನ್ಮಾನ ಇಡ್ತಿದ್ದೆ ಮಾರಾಯ್ರೇ."

ಏಪ್ರಿಲ್ ಬಂತು. ಹ್ಯುಮ್ಯಾನಿಟೀಸ್ ತೆರೆಯಿತು. ಮಕ್ಕಳು ಹೆಚ್ಚಿರಲಿಲ್ಲ, ಆದರೆ ಕಾಮರ್ಸಿಗೆ ಹೊರಟಿದ್ದ ಕೆಲವರು ಬಂದಿದ್ದರು. ಬಿರಿಯಾನಿ ಪ್ರತಿ ವರ್ಷ ಇರುತ್ತದೆಯೇ ಎಂದು ಒಬ್ಬ ವಿಚಾರಿಸಿಕೊಂಡೇ ಸೇರಿದ. ಶಿಫಾ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ರೋಮಿನ ಪಾಠಕ್ಕೆ ಬಂದಾಗ, ವರ್ಷವರ್ಷವೂ ಹೇಳುತ್ತಿದ್ದ ಮಾತುಗಳನ್ನೇ ಕಣ್ಣು ಮುಚ್ಚಿ ಹೇಳಲು ಹೊರಟೆ: ಇನ್ನೂರು ವರ್ಷ ಶಾಂತಿ, ಜನರಿಗೆ ಧಾನ್ಯ, ಎಲ್ಲೆಲ್ಲೂ ನೆಮ್ಮದಿ.

ಶಿಫಾ ಕೈ ಎತ್ತಿದಳು. "ಮ್ಯಾಮ್, ಧಾನ್ಯ ಯಾರಿಗೆಲ್ಲ ಸಿಗ್ತಿತ್ತು?"

"ರೋಮಿನಲ್ಲಿದ್ದ ಪೌರರಿಗೆ. ಗಂಡಸರಿಗೆ."

"ಹೆಂಗಸರಿಗೆ?"

"ಇಲ್ಲ."

"ಗುಲಾಮರಿಗೆ?"

"ಇಲ್ಲ."

"ಹೊರಗಿನಿಂದ ಕೆಲಸಕ್ಕೆ ಬಂದವರಿಗೆ?"

"ಅವರಿಗೂ ಇಲ್ಲ ಮಗಾ. ಪೌರರಿಗೆ ಮಾತ್ರ."

ಅವಳು ತಿರುಗಿ ಇಡೀ ತರಗತಿಯನ್ನು ನೋಡಿದಳು. ಎಲ್ಲರೂ ಕೆಲಸಕ್ಕೆ ಬಂದವರ ಮಕ್ಕಳೇ. "ದೆನ್ ನನ್ ಆಫ್ ಅಸ್, ಮ್ಯಾಮ್," ಅಂದಳು.

ಆಮೇಲೆ ಒಂದೊಂದಾಗಿ ಕೈಗಳು ಮೇಲೇಳತೊಡಗಿದವು. ಹಾಗಾದರೆ ಅವರು ಏನು ತಿನ್ನುತ್ತಿದ್ದರು? ಊರಿಗೆ ಯಾವಾಗ ಹೋಗುತ್ತಿದ್ದರು? ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದರಾ? ಶಾಂತಿ ಎಂದು ಹೆಸರಿಟ್ಟವರು ಯಾರು? ಊಟದ ಮೇಲಿನ ಪೀರಿಯಡ್ಡು ಅದು, ಒಬ್ಬರೂ ತೂಕಡಿಸಲಿಲ್ಲ. ಅರ್ಧಕ್ಕರ್ಧ ಪ್ರಶ್ನೆಗಳಿಗೆ ಉತ್ತರವನ್ನು ನಾಳೆ ಹುಡುಕಿಕೊಂಡು ಬರುತ್ತೇನೆ ಎಂದೆ. ಮರುದಿನ ಇನ್ನಷ್ಟು ಕೈಗಳು ಮೇಲೆದ್ದವು. ರೋಮ್ ದಾಟಿ ಮುಂದಿನ ಪಾಠಕ್ಕೆ ಹೋಗುವುದರೊಳಗೆ ಹೊರಗೆ ಖರೀಫ್ ಮಳೆ ಶುರುವಾಗಿತ್ತು.

ಪೋರ್ಷನ್ ಮುಗಿದಿಲ್ಲ ಎಂದು ಪ್ರಿನ್ಸಿಪಾಲರು ನನ್ನನ್ನು ಕರೆಸಿ ಚೆನ್ನಾಗಿ ಬೈದರು. ನಾನು ತಲೆ ಬಗ್ಗಿಸಿ, ಒಳಗೊಳಗೇ ಹಿಗ್ಗುತ್ತ ಬೈಸಿಕೊಂಡೆ. ತರಗತಿ ಇದ್ದರೆ ತಾನೇ ಪೋರ್ಷನ್ ಬಾಕಿ ಉಳಿಯುವುದು.